ಡಿಪೋಸ್: ರಾಜರನ್ನು ಪಟ್ಟದಿಂದ ಇಳಿಸುವ ಇಂಗ್ಲಿಷ್ ಕ್ರಿಯಾಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಜನನ್ನು ಸಿಂಹಾಸನದಿಂದ ಇಳಿಸುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಪದ ಯಾವುದು?

ಮುಖ್ಯವಾಗಿ ಎರಡಿವೆ. ಹಳೆಯದು ಡಿಪೋಸ್. ಸುಮಾರು 1300ರ ಹೊತ್ತಿಗೇ ಇಂಗ್ಲಿಷಿನಲ್ಲಿ ಬಳಕೆಯಲ್ಲಿತ್ತು. ಇನ್ನೊಂದು ಡಿಥ್ರೋನ್. ಅದು ಹುಟ್ಟಿದ್ದು 1600ರ ಆಸುಪಾಸಿನಲ್ಲಿ, ಅಂದರೆ ಮುನ್ನೂರು ವರ್ಷ ಚಿಕ್ಕದು. ಇಲ್ಲಿನ ಉತ್ತರಗಳು ಬಹುಪಾಲು ಡಿಪೋಸ್ ಕುರಿತೇ ಇವೆ, ಯಾಕೆಂದರೆ ಪಾರ್ಲಿಮೆಂಟು, ಪೋಪು, ವಕೀಲರು, ನಾಟಕದವರು ಎಲ್ಲರೂ ತಲೆಕೆಡಿಸಿಕೊಂಡದ್ದು ಆ ಪದದ ಜೊತೆಗೇ.

ಡಿಪೋಸ್ ಎಲ್ಲಿಂದ ಬಂತು?

ಹಳೆಯ ಫ್ರೆಂಚಿನ ದೆಪೊಸೆರ್‌ನಿಂದ. ಅದರ ಅರ್ಥ ‘ಕೆಳಗೆ ಇಡು’. ‘ದೆ’ ಎಂದರೆ ಕೆಳಕ್ಕೆ, ‘ಪೊಸೆರ್’ ಎಂದರೆ ಇಡು.

ಇದರ ಹಿಂದೆ ಒಂದು ಗೋಜಲಿದೆ. ಫ್ರೆಂಚಿನ ಪೊಸೆರ್ ಹುಟ್ಟಿದ್ದು ಲ್ಯಾಟಿನ್ನಿನ ಪೌಸಾರೆ ಎಂಬ ಮಾತಿನಿಂದ. ಅದರ ಮೂಲ ಅರ್ಥ ‘ನಿಲ್ಲು, ಬಿಡುವು ತೆಗೆದುಕೊ’. ಇಂಗ್ಲಿಷಿನ ಪಾಸ್, ಅಂದರೆ ನಡುವೆ ಕೊಡುವ ವಿರಾಮ, ಅದೇ ಮನೆತನದ್ದು. ಆದರೆ ಲ್ಯಾಟಿನ್ನಿನಲ್ಲಿ ‘ಇಡು’ ಎನ್ನುವುದಕ್ಕೆ ಪೊನೆರೆ ಎಂಬ ಬೇರೆಯೇ ಧಾತು ಇತ್ತು, ಅದರ ಭೂತರೂಪ ಪೊಸಿಟಸ್. ಕಿವಿಗೆ ಎರಡೂ ಹತ್ತಿರ ಕೇಳಿಸುತ್ತಿದ್ದವು. ಕಾಲಕ್ರಮದಲ್ಲಿ ಪೊಸೆರ್ ತನ್ನದಲ್ಲದ ಪೊನೆರೆಯ ಅರ್ಥವನ್ನು ಪೂರ್ತಿ ನುಂಗಿಕೊಂಡಿತು. ಕಂಪೋಸ್, ಎಕ್ಸ್‌ಪೋಸ್, ಆಪೋಸ್, ಪ್ರಪೋಸ್, ಸಪೋಸ್ ಎಲ್ಲವೂ ಹೀಗೆ ಬೆರೆತು ಹುಟ್ಟಿದವು. ಅವುಗಳ ನಾಮಪದಗಳು ಮಾತ್ರ ಪೊನೆರೆಯ ಕಡೆಯವು. ಆದ್ದರಿಂದಲೇ ಡಿಪೋಸ್‌ನ ನಾಮಪದ ಡಿಪೊಸಿಷನ್ ಆಯಿತು.

ಸಿಂಹಾಸನವನ್ನೇ ಕಸಿದುಕೊಂಡವರ ಬಗ್ಗೆ ಮಾತನಾಡುವ ಪದ ತಾನೂ ಇನ್ನೊಂದರ ಜಾಗವನ್ನು ಕಸಿದುಕೊಂಡೇ ಬಂದದ್ದು ತಮಾಷೆಯೇ ಸರಿ.

ಹಾಗಾದರೆ ಬ್ಯಾಂಕಿನ ಡಿಪಾಸಿಟ್, ಬಸ್ ಡಿಪೋ ಇವೆಲ್ಲ ನೆಂಟರೇ?

ಹೌದು, ಹತ್ತಿರದ ನೆಂಟರು. ಲ್ಯಾಟಿನ್ನಿನ ದೆಪೊನೆರೆ ಎಂದರೆ ಕೆಳಗಿಡು, ಪಕ್ಕಕ್ಕಿಡು, ಇನ್ನೊಬ್ಬರ ವಶಕ್ಕೆ ಒಪ್ಪಿಸು. ಒಪ್ಪಿಸಿದ್ದು ಡಿಪಾಸಿಟ್. ಒಪ್ಪಿಸಿ ಇಡುವ ಜಾಗ ಫ್ರೆಂಚಿನ ಮೂಲಕ ಡಿಪೋ ಆಯಿತು. ನದಿ ಮೆಕ್ಕಲು ಮಣ್ಣು ತಂದು ಹಾಕುವುದನ್ನು ಭೂಗೋಳದ ಮೇಷ್ಟ್ರು ಡಿಪೊಸಿಷನ್ ಅನ್ನುತ್ತಾರೆ, ಅದೂ ಇದೇ. ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸುವ ದೃಶ್ಯಕ್ಕೂ ಚಿತ್ರಕಲೆಯಲ್ಲಿ ಡಿಪೊಸಿಷನ್ ಎಂದೇ ಹೆಸರು. ರಾಫೆಲ್ 1507ರಲ್ಲಿ ಬರೆದದ್ದು ಪ್ರಸಿದ್ಧ. ಚುನಾವಣೆಯಲ್ಲಿ ಡಿಪಾಸಿಟ್ ಕಳೆದುಕೊಂಡವರು ಪಟ್ಟಕ್ಕೆ ಏರುವ ಮೊದಲೇ ಈ ಪದದ ಕೈಗೆ ಸಿಕ್ಕಿಬಿದ್ದವರು.

ರಾಜರ ಮೇಲೆ ಇದನ್ನು ಮೊದಲು ಪ್ರಯೋಗಿಸಿದ್ದು ಯಾರು?

ಚರ್ಚು. ಇಲ್ಲಿಂದ ಮುಂದಿನದೆಲ್ಲ ಅರ್ಥವಾಗಬೇಕಾದರೆ ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ತಪ್ಪು ಮಾಡಿದ ಬಿಷಪ್ಪನನ್ನೋ ಪಾದ್ರಿಯನ್ನೋ ಅವನ ಮೇಲಿನವರು ವಿಚಾರಣೆ ನಡೆಸಿ ಸ್ಥಾನದಿಂದ ಇಳಿಸುವುದು ಚರ್ಚಿನ ಕಾನೂನಿನಲ್ಲಿ ಮಾಮೂಲಿ ಶಿಕ್ಷೆ. ಅದಕ್ಕೆ ಬಳಸುತ್ತಿದ್ದ ಲ್ಯಾಟಿನ್ ಕ್ರಿಯಾಪದವೇ ದೆಪೊನೆರೆ. ಹನ್ನೊಂದನೇ ಶತಮಾನದಲ್ಲಿ ಪೋಪ್ ಏಳನೇ ಗ್ರೆಗರಿ ಇದನ್ನು ಚಕ್ರವರ್ತಿಗಳ ಕಡೆಗೆ ತಿರುಗಿಸಿದ. 1075ರ ಅವನ ದಾಖಲೆಯಲ್ಲಿ ಪೋಪನ ಅಧಿಕಾರಗಳ ಒಂದು ಪಟ್ಟಿಯಿದೆ. ಚಕ್ರವರ್ತಿಗಳನ್ನು ‘ದೆಪೊನೆರೆ’ ಮಾಡುವುದು ಅವನಿಗೆ ಸಲ್ಲುತ್ತದೆ ಎಂಬ ಸಾಲು ಅದರಲ್ಲಿದೆ. ಮಾರನೇ ವರ್ಷವೇ ಜರ್ಮನಿಯ ನಾಲ್ಕನೇ ಹೆನ್ರಿಯ ಮೇಲೆ ಅದನ್ನು ಚಲಾಯಿಸಿಯೂ ಆಯಿತು. 1077ರ ಜನವರಿ ಚಳಿಯಲ್ಲಿ ಹೆನ್ರಿ ಕನೋಸಾ ಕೋಟೆಯ ಬಾಗಿಲಲ್ಲಿ ಕ್ಷಮೆಗಾಗಿ ಕಾದು ನಿಂತದ್ದು ಇದರಿಂದಲೇ. 1245ರಲ್ಲಿ ಲಿಯೋನ್ ನಗರದ ಮಹಾಸಭೆಯಲ್ಲಿ ನಾಲ್ಕನೇ ಇನೊಸೆಂಟ್ ಚಕ್ರವರ್ತಿ ಎರಡನೇ ಫ್ರೆಡರಿಕ್‌ನನ್ನು ಇಳಿಸಿದ. ಆ ಆಜ್ಞೆ ಮುಂದೆ ಚರ್ಚಿನ ಕಾನೂನು ಪುಸ್ತಕದೊಳಗೇ ಸೇರಿಕೊಂಡಿತು.

ಹೀಗಾಗಿ ಈ ಕ್ರಿಯಾಪದಕ್ಕೆ ಮೊದಲಿನಿಂದಲೂ ಒಂದು ದಿಕ್ಕಿದೆ. ಅದು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಇಳಿಸುವವನು ಇಳಿಸಲ್ಪಡುವವನಿಗಿಂತ ಮೇಲೆ ಕುಳಿತಿರಬೇಕು. ರಾಜನ ಮೇಲೆ ದೇವರು ಬಿಟ್ಟರೆ ಇನ್ಯಾರು ಎಂದು ಪ್ರಶ್ನೆ ಬಂದಾಗ ಪೋಪು ‘ನಾನಿದ್ದೇನೆ’ ಅಂದ. ಪಾರ್ಲಿಮೆಂಟಿಗೆ ಹಾಗೆ ಹೇಳುವ ಧೈರ್ಯ ಬಹಳ ಕಾಲ ಬರಲಿಲ್ಲ.

ಇಂಗ್ಲೆಂಡಿನಲ್ಲಿ ಮೊದಲು ಹಾಗೆ ಇಳಿದವನು ಯಾರು?

ಎರಡನೇ ಎಡ್ವರ್ಡ್, 1327ರಲ್ಲಿ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸಭೆ ಸೇರಿ ಆರೋಪಗಳ ಪಟ್ಟಿ ಮಾಡಿದರು. ಆಮೇಲೆ ಕೆನಿಲ್ವರ್ತ್ ಕೋಟೆಯಲ್ಲಿ ಸೆರೆಯಲ್ಲಿದ್ದ ರಾಜನ ಬಳಿಗೆ ನಿಯೋಗ ಕಳಿಸಿದರು. ವಿಲಿಯಂ ಟ್ರಸೆಲ್ ಎಂಬವನು ಇಡೀ ರಾಜ್ಯದ ಪರವಾಗಿ ಸ್ವಾಮಿನಿಷ್ಠೆಯನ್ನು ಹಿಂತೆಗೆದುಕೊಂಡ. ಅರಮನೆಯ ಮೇಲ್ವಿಚಾರಕ ಥಾಮಸ್ ಬ್ಲೌಂಟ್ ತನ್ನ ಅಧಿಕಾರದಂಡವನ್ನು ಮುರಿದು ಹಾಕಿದ. ರಾಜನ ಮನೆವಾರ್ತೆ ಮುಗಿಯಿತು ಎಂದು ಅದರ ಅರ್ಥ.

ಇಷ್ಟಾದ ಮೇಲೂ ಊರೂರಿಗೆ ಸಾರಿಸಿದ್ದು ಏನೆಂದರೆ, ಎಡ್ವರ್ಡ್ ತನ್ನ ಸ್ವಂತ ಇಚ್ಛೆಯಿಂದ, ಎಲ್ಲರ ಸಲಹೆ ಸಮ್ಮತಿಯ ಮೇಲೆ, ಆಳ್ವಿಕೆಯಿಂದ ಹಿಂದೆ ಸರಿದಿದ್ದಾನೆ ಎಂದು. ಚರಿತ್ರೆಕಾರರು ಇದನ್ನು ಡಿಪೊಸಿಷನ್ ಎಂದೇ ಕರೆಯುತ್ತಾರೆ. ಮಾಡಿದವರು ಮಾತ್ರ ಸಾರುವಾಗ ಆ ಮಾತನ್ನು ಬಾಯಿಗೆ ತರಲಿಲ್ಲ.

1399 ಯಾಕೆ ಅಷ್ಟು ಮುಖ್ಯ?

ಆ ವರ್ಷ ಅವರು ಎರಡೂ ದೋಣಿಯಲ್ಲಿ ಕಾಲಿಟ್ಟರು, ಅದಕ್ಕೆ.

ಎರಡನೇ ರಿಚರ್ಡ್ ಐರ್ಲೆಂಡಿಗೆ ದಂಡೆತ್ತಿ ಹೋಗಿದ್ದಾಗ, ಗಡೀಪಾರಾಗಿದ್ದ ಅವನ ದಾಯಾದಿ ಹೆನ್ರಿ ಬೋಲಿಂಗ್‌ಬ್ರೋಕ್ ಇಂಗ್ಲೆಂಡಿಗೆ ಬಂದಿಳಿದ. ಬೇಸಿಗೆ ಮುಗಿಯುವುದರೊಳಗೆ ರಾಜ ಲಂಡನ್ ಟವರ್‌ನಲ್ಲಿ ಬಂದಿ. ರಾಜ ಕೈಗೆ ಸಿಕ್ಕಿದ್ದ, ಕಾನೂನು ಸಿಕ್ಕಿರಲಿಲ್ಲ. ಹಾಗಾಗಿ ದಾರಿ ಹುಡುಕಲು ಪಂಡಿತರ ಒಂದು ಸಮಿತಿ ಕೂತಿತು. ಅದರಲ್ಲಿದ್ದ ಆಡಂ ಆಫ್ ಅಸ್ಕ್ ತನ್ನ ವೃತ್ತಾಂತದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಅವರಿಗೆ ಸಿಕ್ಕ ಆಧಾರ ಇಂಗ್ಲೆಂಡಿನ ಯಾವ ಶಾಸನವೂ ಅಲ್ಲ. 1245ರಲ್ಲಿ ಫ್ರೆಡರಿಕ್‌ನನ್ನು ಇಳಿಸಿದ ಪೋಪನ ಆ ಹಳೇ ಆಜ್ಞೆ. ಚರ್ಚಿನ ಕಪಾಟಿನಲ್ಲಿದ್ದ ಕ್ರಿಯಾಪದವನ್ನು ಪಾರ್ಲಿಮೆಂಟಿನವರು ಎರವಲು ತಂದದ್ದು ಹೀಗೆ.

ಸೆಪ್ಟೆಂಬರ್ 29ರಂದು ರಿಚರ್ಡ್ ಟವರ್‌ನಲ್ಲಿ ರಾಜೀನಾಮೆಗೆ ಸಹಿ ಹಾಕಿದ, ಅದೂ ನಗುಮುಖದಿಂದ ಹಾಕಿದ ಎಂದು ಅಧಿಕೃತ ದಾಖಲೆ ಹೇಳುತ್ತದೆ. ನಂಬುವವರು ನಂಬಬಹುದು. ಮರುದಿನ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ರಾಜೀನಾಮೆಯನ್ನು ಓದಿ ಒಪ್ಪಿಕೊಂಡರು. ರಾಜೀನಾಮೆ ಸಿಕ್ಕ ಮೇಲೆ ಕೆಲಸ ಮುಗಿಯಬೇಕಿತ್ತು. ಆದರೆ ಮುಂದೆ ಯಾರೂ ತಕರಾರು ತೆಗೆಯಬಾರದು ಎಂದು ಮೂವತ್ಮೂರು ಆರೋಪಗಳನ್ನೂ ಮಂಡಿಸಿದರು, ಅದರ ಮೇಲೆ ಸೇಂಟ್ ಆಸಫ್‌ನ ಬಿಷಪ್ಪನಿಂದ ಡಿಪೊಸಿಷನ್ನಿನ ತೀರ್ಪನ್ನೂ ಓದಿಸಿದರು. ತಾನಾಗಿ ಬಿಟ್ಟವನನ್ನು ಮತ್ತೆ ಇಳಿಸುವುದು ತರ್ಕಕ್ಕೆ ಕೂಡುವುದಿಲ್ಲ. ಆ ಅತಿ ಎಚ್ಚರಿಕೆಯಲ್ಲೇ ಅವರ ಅಳುಕು ಕಾಣುತ್ತದೆ.

ಹೆನ್ರಿ ಎದ್ದು ನಿಂತು ಇಂಗ್ಲಿಷಿನಲ್ಲೇ ಕಿರೀಟಕ್ಕೆ ಹಕ್ಕು ಸಾಧಿಸಿದ. ಫ್ರೆಂಚ್, ಲ್ಯಾಟಿನ್ ನಡೆಯುತ್ತಿದ್ದ ಕಡೆ ಅದು ದೊಡ್ಡ ಸಂಗತಿ. ಅಕ್ಟೋಬರ್ 13ಕ್ಕೆ ಪಟ್ಟಾಭಿಷೇಕ. ರಿಚರ್ಡ್ 1400ರ ಆರಂಭದಲ್ಲಿ ಪಾಂಟಿಫ್ರ್ಯಾಕ್ಟ್ ಕೋಟೆಯಲ್ಲಿ ಸತ್ತ.

ಷೇಕ್ಸ್‌ಪಿಯರ್ ಹೆಸರು ಇದರಲ್ಲಿ ಯಾಕೆ ಬರುತ್ತದೆ?

ಈ ರಿಚರ್ಡ್‌ನ ಮೇಲೆ ಅವನು ಬರೆದ ನಾಟಕದಲ್ಲಿ ಡಿಪೋಸ್ ಮತ್ತೆ ಮತ್ತೆ ಬರುತ್ತದೆ. ದೇವರು ಆರಿಸಿದ ಪ್ರತಿನಿಧಿಯನ್ನು ಲೋಕದ ಜನರ ಉಸಿರು ಇಳಿಸಲಾರದು ಎಂದು ರಿಚರ್ಡ್ ಒಂದು ಕಡೆ ಗರ್ಜಿಸುತ್ತಾನೆ. ಕಿರೀಟ ಕೊಡುವ ಹೊತ್ತಿಗೆ, ನನ್ನ ವೈಭವವನ್ನು ಕಿತ್ತುಕೊಳ್ಳಬಹುದು, ನನ್ನ ದುಃಖಗಳನ್ನಲ್ಲ, ಅವುಗಳಿಗೆ ಈಗಲೂ ನಾನೇ ರಾಜ ಅನ್ನುತ್ತಾನೆ. ಎರಡೂ ಕಡೆ ಕ್ರಿಯಾಪದ ಅದೇ.

ಬಹಳ ಜನ ಗಮನಿಸದ ಪ್ರಯೋಗ ಮೊದಲ ಅಂಕದಲ್ಲಿದೆ. ದ್ವಂದ್ವಯುದ್ಧದ ಕಣಕ್ಕೆ ಬೋಲಿಂಗ್‌ಬ್ರೋಕ್ ಬಂದಾಗ ರಿಚರ್ಡ್ ತನ್ನ ಅಧಿಕಾರಿಗೆ, ಅವನನ್ನು ಕಾನೂನಿನಂತೆ ‘ಡಿಪೋಸ್’ ಮಾಡು ಎಂದು ಅಪ್ಪಣೆ ಕೊಡುತ್ತಾನೆ. ಇಲ್ಲಿ ಅರ್ಥ, ಪ್ರಮಾಣ ಮಾಡಿಸಿ ಹೇಳಿಕೆ ಪಡೆ ಎಂದು. ತನ್ನನ್ನು ಮುಂದೆ ಇಳಿಸುವವನ ಮೇಲೆ ಆ ಪದವನ್ನು ಮೊದಲು ಎಸೆಯುವವನು ಸ್ವತಃ ರಾಜ! ಅದಕ್ಕೂ ಸ್ವಲ್ಪ ಮುಂಚೆ ಇನ್ನೊಬ್ಬ ಯೋಧನ ಬಗ್ಗೆ ಇದೇ ಅಪ್ಪಣೆ ಕೊಡುವಾಗ ‘ಪ್ರಮಾಣ ಮಾಡಿಸು’ ಎಂಬ ಸಾದಾ ಮಾತೇ ಇದೆ. ಇದನ್ನು ಆಕಸ್ಮಿಕ ಎನ್ನಲು ನನಗೆ ಮನಸ್ಸಿಲ್ಲ.

ಆ ನಾಟಕದಿಂದ ಗಲಾಟೆಯಾಗಿತ್ತಂತೆ, ನಿಜವೇ?

ನಿಜ. ರಾಜ ಕಿರೀಟ ಒಪ್ಪಿಸುವ ದೃಶ್ಯ 1597 ಮತ್ತು 1598ರ ಮುದ್ರಣಗಳಲ್ಲಿ ಇಲ್ಲ. ಅದು ಮೊದಲು ಅಚ್ಚಾದದ್ದು 1608ರಲ್ಲಿ, ಎಲಿಜಬೆತ್ ರಾಣಿ ತೀರಿಕೊಂಡು ಐದು ವರ್ಷದ ಮೇಲೆ. ಕತ್ತರಿ ಬಿದ್ದಿತ್ತೋ, ನಂತರ ಸೇರಿಸಿ ಬರೆದದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

1601ರ ಫೆಬ್ರವರಿ 7ರಂದು ಎಸೆಕ್ಸ್ ದೊರೆಯ ಕಡೆಯವರು ರಿಚರ್ಡ್ ಪಟ್ಟ ಕಳೆದುಕೊಂಡು ಸಾಯುವ ನಾಟಕವನ್ನು ದುಡ್ಡು ಕೊಟ್ಟು ಆಡಿಸಿದರು. ಮರುದಿನ ಎಸೆಕ್ಸ್ ರಾಣಿಯ ವಿರುದ್ಧ ದಂಗೆ ಎದ್ದ. ಲಂಡನ್ ಜನ ಜೊತೆಗೆ ಬರಲಿಲ್ಲ, ಅದೇ ತಿಂಗಳ 25ರಂದು ಅವನ ತಲೆ ಹೋಯಿತು. ವಿಚಾರಣೆಗೆ ಕರೆಸಿಕೊಂಡವರಲ್ಲಿ ನಟ ಆಗಸ್ಟೀನ್ ಫಿಲಿಪ್ಸ್ ಒಬ್ಬ. ನಾಟಕ ಹಳೆಯದು, ಜನ ಬರುವುದಿಲ್ಲ ಎಂದು ನಾವು ಹೇಳಿದೆವು, ಮಾಮೂಲಿಗಿಂತ ನಲವತ್ತು ಶಿಲ್ಲಿಂಗ್ ಹೆಚ್ಚು ಕೊಡುತ್ತೇವೆ ಅಂದದ್ದಕ್ಕೆ ಆಡಿದೆವು ಎಂದು ಅವನು ಪ್ರಮಾಣ ಮಾಡಿ ಹೇಳಿದ. ಅಂದರೆ ಡಿಪೋಸ್ ಮಾಡುವ ನಾಟಕದ ಬಗ್ಗೆ ನಟನೇ ಡಿಪೋಸ್ ಮಾಡಿದ. ತಂಡಕ್ಕೆ ಶಿಕ್ಷೆಯಾಗಲಿಲ್ಲ.

ಕೋರ್ಟಿನಲ್ಲಿ ಸಾಕ್ಷಿ ‘ಡಿಪೋಸ್’ ಮಾಡುವುದು ಇದೇ ಪದವೇ? ಅಲ್ಲಿ ಯಾರನ್ನು ಇಳಿಸುತ್ತಾರೆ?

ಇದೇ ಪದ. ಯಾರನ್ನೂ ಇಳಿಸುವುದಿಲ್ಲ, ಹೇಳಿಕೆಯನ್ನು ಇಡುತ್ತಾರೆ. ಮಧ್ಯಯುಗದ ಲ್ಯಾಟಿನ್ನಿನಲ್ಲೇ ದೆಪೊನೆರೆಗೆ ಸಾಕ್ಷಿ ನುಡಿ ಎಂಬ ಅರ್ಥ ಬಂದಿತ್ತು. ಇಂಗ್ಲಿಷಿಗೆ ಅದು ಹದಿನೈದನೇ ಶತಮಾನದ ಹೊತ್ತಿಗೆ ಬಂತು. ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದವರು ಕೆಳಗೆ ಡಿಪೊನೆಂಟ್ ಎಂದು ಅಚ್ಚಾದ ಜಾಗದಲ್ಲಿ ಸಹಿ ಹಾಕಿರುತ್ತೀರಿ. ಹೇಳಿಕೆ ಇಟ್ಟವರು ಎಂದರ್ಥ.

ಅಮೆರಿಕದಲ್ಲಿ ಪ್ರಯೋಗ ಸ್ವಲ್ಪ ಬೇರೆ. ನಮ್ಮ ನ್ಯಾಯಾಲಯಗಳಲ್ಲಿ ಸಾಕ್ಷಿ ಡಿಪೋಸ್ ಮಾಡುತ್ತಾನೆ, ಅಲ್ಲಿ ವಕೀಲರು ಸಾಕ್ಷಿಯನ್ನು ಡಿಪೋಸ್ ಮಾಡುತ್ತಾರೆ. ಕೋರ್ಟಿನಲ್ಲಿ ವಿಚಾರಣೆ ಶುರುವಾಗುವ ಮೊದಲೇ ವಕೀಲರ ಕಚೇರಿಯಲ್ಲಿ ಕೂರಿಸಿ ಪ್ರಮಾಣದ ಮೇಲೆ ಪ್ರಶ್ನೆ ಕೇಳುವುದು ಅದು. ‘ಮಾಜಿ ಅಧ್ಯಕ್ಷರನ್ನು ಡಿಪೋಸ್ ಮಾಡಲಾಯಿತು’ ಎಂಬ ಅಮೆರಿಕದ ಸುದ್ದಿಯನ್ನು ಪದಚ್ಯುತಿ ಎಂದು ಕನ್ನಡಕ್ಕೆ ತಂದರೆ ಪತ್ರಿಕೆಯವರಿಗೆ ಮರುದಿನ ಫೋನ್ ನಿಲ್ಲುವುದಿಲ್ಲ.

ಡಿಥ್ರೋನ್‌ಗೂ ಡಿಪೋಸ್‌ಗೂ ಏನು ವ್ಯತ್ಯಾಸ?

ಡಿಥ್ರೋನ್‌ಗೆ ಸಿಂಹಾಸನ ಬೇಕು, ನಿಜವಾದದ್ದೋ ಮಾತಿನದ್ದೋ. ಡಿಪೋಸ್‌ಗೆ ಅಧಿಕಾರದ ಸ್ಥಾನವಿದ್ದರೆ ಸಾಕು: ರಾಜ, ಬಿಷಪ್, ಅಧ್ಯಕ್ಷ, ಪ್ರಧಾನಿ ಯಾರಾದರೂ ಆಗಬಹುದು. ಕ್ರೀಡಾ ಪುಟದಲ್ಲಿ ಹಳೇ ಚಾಂಪಿಯನ್ ಸೋತರೆ ಡಿಥ್ರೋನ್ ಅನ್ನುತ್ತಾರೆ. ಡಿಪೋಸ್‌ಗೆ ಇರುವ ವಿಚಾರಣೆ-ತೀರ್ಪಿನ ವಾಸನೆ ಅದಕ್ಕಿಲ್ಲ.

ಒಂದನೇ ಚಾರ್ಲ್ಸ್‌ನ ತಲೆ ಕಡಿದರಲ್ಲ, ಅವನೂ ಡಿಪೋಸ್ ಆದವನೇ?

ಅಲ್ಲ. ಅವನನ್ನು ವಿಚಾರಣೆಗೆ ನಿಲ್ಲಿಸಿದ್ದು ರಾಜನಾಗಿಯೇ, 1649ರ ಜನವರಿ 30ರಂದು ಕೊಂದದ್ದೂ ರಾಜನಾಗಿಯೇ. ರಾಜನ ಹುದ್ದೆಯನ್ನು ರದ್ದು ಮಾಡುವ ಕಾಯಿದೆ ಬಂದದ್ದು ಆಮೇಲೆ, ಮಾರ್ಚ್ 17ಕ್ಕೆ.

ಎಲಿಜಬೆತ್ ರಾಣಿಯನ್ನು ಪೋಪ್ ಇಳಿಸಿದ್ದನಂತಲ್ಲ?

ಇಳಿಸಲು ನೋಡಿದ. 1570ರ ಫೆಬ್ರವರಿ 25ರ ಆಜ್ಞೆಯಲ್ಲಿ ಐದನೇ ಪಯಸ್ ಆಕೆಯನ್ನು ‘ಇಂಗ್ಲೆಂಡಿನ ರಾಣಿ ಎನಿಸಿಕೊಳ್ಳುವವಳು’ ಎಂಬ ಅರ್ಥದಲ್ಲಿ ಕರೆದು, ಆ ಹಕ್ಕಿನಿಂದಲೂ ವಂಚಿತಳು ಎಂದು ಸಾರಿದ. ರಾಣಿಯೇ ಅಲ್ಲ ಎಂದ ಮೇಲೆ ಇಳಿಸುವುದು ಯಾರನ್ನು ಎಂದು ಕೇಳಬಹುದು. ಲಂಡನ್ನಿನಲ್ಲಿ ಯಾರೂ ಇಳಿಯಲಿಲ್ಲ, ಆದರೆ ಭಯ ಉಳಿಯಿತು. ಪಾರ್ಲಿಮೆಂಟನ್ನೇ ಸ್ಫೋಟಿಸಲು ಕೆಲವು ಕ್ಯಾಥೊಲಿಕರು ಹೂಡಿದ್ದ ಸಿಡಿಮದ್ದಿನ ಸಂಚು ಬಯಲಾದ ಮೇಲೆ, 1606ರಲ್ಲಿ, ಒಂದನೇ ಜೇಮ್ಸ್ ದೊರೆ ತಂದ ನಿಷ್ಠಾಪ್ರಮಾಣದಲ್ಲಿ ಪ್ರಜೆಗಳಿಂದ ಹೇಳಿಸಿದ್ದು ಇದನ್ನೇ: ರಾಜನನ್ನು ‘ಡಿಪೋಸ್’ ಮಾಡುವ ಯಾವ ಶಕ್ತಿಯೂ ಅಧಿಕಾರವೂ ಪೋಪನಿಗಿಲ್ಲ. ಒಂದು ಕ್ರಿಯಾಪದ ಯಾರ ಕೈಯಲ್ಲಿರಬೇಕು ಎಂಬುದಕ್ಕೆ ದೇಶವೇ ಆಣೆ ಇಡಬೇಕಾಯಿತು.

1688ರಲ್ಲಿ ಎರಡನೇ ಜೇಮ್ಸ್‌ನನ್ನು ಇಳಿಸಿದರು ಎಂದು ಬರೆಯುವುದು ಸರಿಯೇ?

ಆಡುಮಾತಿಗೆ ಸರಿ. ಆದರೆ ಇಳಿಸಿದವರು ಕೇಳಿಸಿಕೊಂಡಿದ್ದರೆ ಬೇಸರ ಪಟ್ಟುಕೊಳ್ಳುತ್ತಿದ್ದರು.

ಜೇಮ್ಸ್‌ನ ಅಳಿಯ, ಹಾಲೆಂಡಿನ ವಿಲಿಯಂ ಆಫ್ ಆರೆಂಜ್ ಸೈನ್ಯದೊಂದಿಗೆ ಬಂದಾಗ ಜೇಮ್ಸ್ 1688ರ ಡಿಸೆಂಬರ್ 11ರ ಬೆಳಗಿನ ಜಾವ ಲಂಡನ್ ಬಿಟ್ಟ, ಹೋಗುತ್ತಾ ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದ. ಫ್ಯಾವರ್‌ಶಮ್‌ನಲ್ಲಿ ಬೆಸ್ತರ ಕೈಗೆ ಸಿಕ್ಕಿಬಿದ್ದ. ಅವನು ಸಿಕ್ಕಿದ್ದು ವಿಲಿಯಂನಿಗೆ ತಲೆನೋವಾಯಿತು. ಎರಡನೇ ಸಲ ಕಾವಲನ್ನು ಬೇಕೆಂದೇ ಸಡಿಲ ಬಿಟ್ಟಿದ್ದರಿಂದ ಡಿಸೆಂಬರ್ 23ಕ್ಕೆ ಫ್ರಾನ್ಸ್ ಕಡೆಗೆ ಹೊರಟ.

ಮುಂದಿನ ಜಗಳ ಪೂರ್ತಿ ಪದದ ಮೇಲೆ. 1689ರ ಜನವರಿ 28ರಂದು ಕಾಮನ್ಸ್ ಸಭೆ, ರಾಜ ಜನರೊಂದಿಗಿನ ಮೂಲ ಒಪ್ಪಂದ ಮುರಿದು, ದೇಶ ಬಿಟ್ಟು ಹೋಗಿ, ಆಡಳಿತವನ್ನು ‘ಆಬ್ಡಿಕೇಟ್’ ಮಾಡಿದ್ದಾನೆ, ಸಿಂಹಾಸನ ಖಾಲಿಯಿದೆ ಎಂದು ನಿರ್ಣಯಿಸಿತು. ಆಬ್ಡಿಕೇಟ್ ಎಂದರೆ ತಾನಾಗಿ ತ್ಯಜಿಸು. ಲಾರ್ಡ್ಸ್ ಸಭೆ ಒಪ್ಪಲಿಲ್ಲ. ಅವನೆಲ್ಲಿ ತ್ಯಜಿಸಿದ, ಬಿಟ್ಟು ಓಡಿದ ಅನ್ನಿ, ‘ಡೆಸರ್ಟ್’ ಎಂದು ಬರೆಯಿರಿ ಅಂದರು. ಫೆಬ್ರವರಿ 6ರಂದು ಎರಡೂ ಸಭೆಗಳ ಪ್ರತಿನಿಧಿಗಳು ಕೂತು ವಾದಿಸಿದರು. ವಕೀಲ ಜಾನ್ ಸೋಮರ್ಸ್ ಡಚ್ ಕಾನೂನು ಪಂಡಿತ ಗ್ರೋಶಿಯಸ್‌ನನ್ನೂ ಲ್ಯಾಟಿನ್ ಕಾನೂನು ಕೋಶಗಳನ್ನೂ ಮುಂದಿಟ್ಟು, ಬಾಯಿಬಿಟ್ಟು ಹೇಳದೆ ನಡತೆಯಿಂದಲೂ ಆಬ್ಡಿಕೇಟ್ ಮಾಡಬಹುದು ಎಂದು ಸಾಧಿಸಿದ. ಕೊನೆಗೆ ಲಾರ್ಡ್ಸ್ ಮಣಿದರು, ಒಂದು ವಾರದಲ್ಲಿ ವಿಲಿಯಂ ಮತ್ತು ಮೇರಿಗೆ ಕಿರೀಟ ಒಪ್ಪಿಸಿದರು.

ಎಲ್ಲರ ಕಣ್ಣೆದುರಿಗಿದ್ದ ಡಿಪೋಸ್ ಮಾತ್ರ ಆ ನಿರ್ಣಯದೊಳಗೆ ಬರಲಿಲ್ಲ. ಬರೆದರೆ, ರಾಜನ ಮೇಲೆ ತಾವು ಇದ್ದೇವೆ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಸ್ಕಾಟ್ಲೆಂಡಿನವರು ಇಷ್ಟು ನಾಚಿಕೊಳ್ಳಲಿಲ್ಲ. ಏಪ್ರಿಲಿನಲ್ಲಿ ಅವರು ಬರೆದುಕೊಂಡ ಹಕ್ಕುಪತ್ರದಲ್ಲಿ, ಜೇಮ್ಸ್ ಕಿರೀಟದ ಹಕ್ಕನ್ನು ಮುಟ್ಟುಗೋಲು ಮಾಡಿಸಿಕೊಂಡಿದ್ದಾನೆ ಎಂಬರ್ಥದ ಮಾತಿದೆ. ತಪ್ಪು ಮಾಡಿದ, ಕಳೆದುಕೊಂಡ. ತ್ಯಜಿಸಿದ, ಬಿಟ್ಟು ಓಡಿದ, ಮುಟ್ಟುಗೋಲಾಯಿತು ಎಂಬ ಮೂರು ಮಾತುಗಳಲ್ಲಿ ನನಗೆ ಪ್ರಾಮಾಣಿಕವಾಗಿ ಕಾಣುವುದು ಈ ಕೊನೆಯದೇ.

ಮುಮ್ಮಡಿ ಕೃಷ್ಣರಾಜ ಒಡೆಯರ್ 1831ರಲ್ಲಿ ಡಿಪೋಸ್ ಆದರು ಎಂದು ಕೆಲವು ಇಂಗ್ಲಿಷ್ ಪುಸ್ತಕಗಳಲ್ಲಿದೆ. ಸರಿಯೇ?

ಸರಿಯಲ್ಲ. ಶಿವಮೊಗ್ಗ ಕಡೆಯ ನಗರ ಸೀಮೆಯ ದಂಗೆಯ ನಂತರ ಗವರ್ನರ್ ಜನರಲ್ ಬೆಂಟಿಂಕ್ 1799ರ ಒಪ್ಪಂದದ ಒಂದು ಕಲಮನ್ನು ಎತ್ತಿ ಹಿಡಿದು ಆಡಳಿತವನ್ನು ಕಮಿಷನರ್‌ಗಳ ಕೈಗೆ ಕೊಟ್ಟ. ಸಿಂಹಾಸನ, ಬಿರುದು, ಅರಮನೆ ಮಹಾರಾಜರ ಬಳಿಯೇ ಉಳಿದವು. ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಆದಾಯದ ಐದನೇ ಒಂದು ಭಾಗ ಅವರಿಗೆ ಸಲ್ಲುತ್ತಿತ್ತು. 1868ರಲ್ಲಿ ತೀರಿಕೊಂಡಾಗಲೂ ಅವರು ಮೈಸೂರಿನ ಮಹಾರಾಜರೇ. ಆಳ್ವಿಕೆ ಮನೆತನಕ್ಕೆ ಮರಳಿದ್ದು 1881ರ ಮಾರ್ಚ್ 25ರಂದು, ದತ್ತುಮಗ ಚಾಮರಾಜೇಂದ್ರ ಒಡೆಯರ ಕಾಲಕ್ಕೆ. ಅಧಿಕಾರ ಕಳೆದುಕೊಂಡರು ಎಂದು ಬರೆಯಿರಿ, ಪಟ್ಟ ಕಳೆದುಕೊಂಡರು ಎಂದು ಬರೆಯಬೇಡಿ.

ಕೊಡಗಿನ ಚಿಕ್ಕವೀರರಾಜೇಂದ್ರ?

ಅವನು ನಿಜವಾಗಿ ಪಟ್ಟ ಕಳೆದುಕೊಂಡವನು. 1834ರಲ್ಲಿ ಕಂಪನಿ ಸೈನ್ಯ ಕೊಡಗಿಗೆ ನುಗ್ಗಿತು. ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ ಕೊಡಗನ್ನು ಕಂಪನಿಗೆ ಸೇರಿಸಿದ್ದಕ್ಕೆ ಕೊಟ್ಟ ಕಾರಣ, ಕೊಡಗಿನ ನಿವಾಸಿಗಳೆಲ್ಲರೂ ಒಕ್ಕೊರಲಿನಿಂದ ಬ್ರಿಟಿಷರ ರಕ್ಷಣೆ ಬಯಸುತ್ತಾರೆ ಎಂದು. 1327ರ ‘ಸ್ವಂತ ಇಚ್ಛೆಯಿಂದ’ ಎನ್ನುವ ಮಾತಿನ ದೂರದ ತಮ್ಮ ಇದು. ರಾಜನ ಇಚ್ಛೆಯ ಬದಲು ಜನರ ಇಚ್ಛೆ. ರಾಜ ಕಾಶಿಗೆ ಹೋದ, 1852ರಲ್ಲಿ ಮಗಳೊಂದಿಗೆ ಲಂಡನ್ನಿಗೆ ಹೋದ, 1859ರಲ್ಲಿ ಅಲ್ಲೇ ತೀರಿಕೊಂಡ.

ಹಾಗಾದರೆ ಬ್ರಿಟಿಷರು ಭಾರತದಲ್ಲಿ ಈ ಕ್ರಿಯಾಪದವನ್ನು ನೇರವಾಗಿ ಬಳಸಲೇ ಇಲ್ಲವೇ?

ಬಳಸಿದರು, ಬರೋಡಾದಲ್ಲಿ. 1874ರಲ್ಲಿ ರೆಸಿಡೆಂಟ್, ಅಂದರೆ ಸಂಸ್ಥಾನದಲ್ಲಿ ಬ್ರಿಟಿಷ್ ಸರಕಾರದ ಪ್ರತಿನಿಧಿಯಾಗಿದ್ದ ಕರ್ನಲ್ ಫೇರ್ ಕುಡಿಯುವ ಪಾನಕಕ್ಕೆ ವಿಷ ಬೆರೆಸಲು ನೋಡಿದ ಆರೋಪ ಮಹಾರಾಜ ಮಲ್ಹಾರರಾವ್ ಗಾಯಕವಾಡನ ಮೇಲೆ ಬಂತು. ಆರು ಜನರ ಆಯೋಗ ಕೂತಿತು. ಮೂವರು ಇಂಗ್ಲಿಷರು ತಪ್ಪಿತಸ್ಥ ಅಂದರು. ಉಳಿದ ಮೂವರು, ಗ್ವಾಲಿಯರ್ ಮತ್ತು ಜೈಪುರದ ಮಹಾರಾಜರು ಹಾಗೂ ದಿನಕರ ರಾವ್, ಒಪ್ಪಲಿಲ್ಲ. ಸಮಬಲವಾದಾಗ ಸರಕಾರ ವಿಷದ ಮಾತನ್ನು ಪಕ್ಕಕ್ಕಿಟ್ಟು, ದುರ್ನಡತೆ ಮತ್ತು ದುರಾಡಳಿತದ ಕಾರಣ ಕೊಟ್ಟು, 1875ರ ಏಪ್ರಿಲ್ 19ರ ಘೋಷಣೆಯಲ್ಲಿ ಮಲ್ಹಾರರಾವ್‌ನನ್ನು ಬರೋಡಾದ ಪ್ರಭುತ್ವದಿಂದ ‘ಡಿಪೋಸ್’ ಮಾಡಿದ್ದೇವೆ ಎಂದು ಬರೆಯಿತು. ಅಳುಕಿಲ್ಲ, ಸುತ್ತುಬಳಸಿಲ್ಲ. ತಾನು ಸಂಸ್ಥಾನಿಕರಿಗಿಂತ ಮೇಲೆ ಕುಳಿತಿದ್ದೇನೆ ಎಂದು ವೈಸ್‌ರಾಯ್‌ಗೆ ಅನುಮಾನವೇ ಇರಲಿಲ್ಲ. ಏಳನೇ ಗ್ರೆಗರಿಗೂ ಇದ್ದದ್ದು ಅದೇ ಧೈರ್ಯ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ತಮ್ಮ ರಾಜನ ಮುಂದೆ ಬಾಯಿಗೆ ಬರದ ಪದ ಬರೋಡಾದಲ್ಲಿ ಸಲೀಸಾಗಿ ಬಂತು.

ಎಂಟನೇ ಎಡ್ವರ್ಡ್ 1936ರಲ್ಲಿ?

ಅದು ಆಬ್ಡಿಕೇಷನ್, ಕಾನೂನಿನ ಪ್ರಕಾರವೂ ಹೌದು. ಡಿಸೆಂಬರ್ 10ರಂದು ಸಹಿ ಮಾಡಿದ, ಮರುದಿನ ಕಾಯಿದೆಯಾಯಿತು. ಮಂತ್ರಿಮಂಡಲದ ಒತ್ತಡ ಎಷ್ಟಿತ್ತು ಎಂಬ ಚರ್ಚೆ ಬೇರೆ.

ಡಿಪೋಸ್, ಡಿಸ್‌ಪೋಸ್ ಒಂದೇ?

ಅಲ್ಲ. ಡಿಸ್‌ಪೋಸ್‌ನಲ್ಲಿರುವ ‘ಡಿಸ್’ ಬೇರೆ ಬೇರೆಯಾಗಿ ಇಡು, ವಿಲೇವಾರಿ ಮಾಡು ಎನ್ನುವುದಕ್ಕೆ. ಕಸವನ್ನು ಡಿಸ್‌ಪೋಸ್ ಮಾಡುತ್ತಾರೆ.

ಔಸ್ಟ್, ಇಂಪೀಚ್ ಇವುಗಳನ್ನು ಅದರ ಬದಲು ಬಳಸಬಹುದೇ?

ಔಸ್ಟ್ ಬಳಸಬಹುದು, ಆದರೆ ಅದಕ್ಕೆ ತೀರ್ಪಿನ ಗಾಂಭೀರ್ಯವಿಲ್ಲ. ಮೊದಲು ಅದು ಜಮೀನಿನಿಂದ ಒಕ್ಕಲೆಬ್ಬಿಸುವ ಕಾನೂನು ಮಾತಾಗಿತ್ತು. ಇಂಪೀಚ್ ಅಂದರೆ ಆರೋಪ ಹೊರಿಸುವುದು ಮಾತ್ರ, ಇಳಿಸುವುದಲ್ಲ. ಅದನ್ನು 1376ರ ಪಾರ್ಲಿಮೆಂಟು ರಾಜನ ಮಂತ್ರಿಗಳ ಮೇಲೆ ಪ್ರಯೋಗಿಸಲು ಶುರುಮಾಡಿತು. ರಾಜನನ್ನು ಇಂಪೀಚ್ ಮಾಡುವ ಪದ್ಧತಿ ಇಂಗ್ಲೆಂಡಿನಲ್ಲಿ ಇರಲಿಲ್ಲ.

ವಾಕ್ಯದಲ್ಲಿ ಬಳಸುವಾಗ ಏನು ಎಚ್ಚರ ಬೇಕು?

ಕರ್ಮಪದ ಬಿಡಬೇಡಿ. ‘ದಿ ಕಿಂಗ್ ವಾಸ್ ಡಿಪೋಸ್ಡ್’ ಅಂದರೆ ರಾಜನನ್ನು ಇಳಿಸಿದರು. ನಡುವಿನ ‘ವಾಸ್’ ಬಿಟ್ಟು ‘ದಿ ಕಿಂಗ್ ಡಿಪೋಸ್ಡ್’ ಎಂದು ಬರೆದರೆ ರಾಜ ಕೋರ್ಟಿಗೆ ಬಂದು ಸಾಕ್ಷಿ ಹೇಳಿದ ಎಂದಾಗುತ್ತದೆ.